ನಮ್ಮ ಹುಡುಗ ಇನ್ನೂ ಬರಲಿಲ್ಲ

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ನಾನು ಅಮೆರಿಕದ ಒಂದು ಬೇಸ್‌ಬಾಲ್ ತಂಡದ ಮ್ಯಾನೇಜರ್. ಕಂಪ್ಯೂಟರ್‌ನಲ್ಲಿ ಮಾತ್ರ. ಬ್ಯಾಟು ಬೀಸುವುದು, ಚೆಂಡು ಎಸೆಯುವುದು ಏನೂ ಇಲ್ಲ. ಸುಮ್ನೆ ಅಂಕಿ ನೋಡಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಅಂತ ತೀರ್ಮಾನಿಸುವ ಆಟ. ಹಗಲಿಡೀ ಆಫೀಸಿನಲ್ಲಿ ಎಕ್ಸೆಲ್ ನೋಡುವವನಿಗೆ ಇದ್ಯಾಕೆ ಬೇಕಿತ್ತು ಅಂತ ಕೇಳಬೇಡಿ.

ಇಲ್ಲಿ ಪ್ರತಿ ಆಟಗಾರನಿಗೂ ಎರಡು ನಂಬರ್. ಈಗ ಎಷ್ಟು ಆಡ್ತಾನೆ ಅನ್ನೋದು ಒಂದು, ಮುಂದೆ ಎಷ್ಟು ಆಡಬಹುದು ಅನ್ನೋದು ಇನ್ನೊಂದು. ಅಲ್ಲಿ ಆಟಗಾರರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳು ನಿಜವಾಗಿಯೂ ಬಳಸುವ 20ರಿಂದ 80ರ ಅಳತೆ. 50 ಬಂದರೆ ಮೇಜರ್ ಲೀಗಿನ, ಅಂದರೆ ಅಲ್ಲಿನ ಅತಿ ಮೇಲಿನ ಮಟ್ಟದ, ಸರಾಸರಿ ಆಟಗಾರ. ನನಗೆ ಗೊತ್ತಿರಲಿಲ್ಲ. 35 ಬಂದವರನ್ನೆಲ್ಲ ಪಾಸು ಅಂದುಕೊಂಡು ಸೇರಿಸಿಕೊಂಡಿದ್ದೆ. ಆ ವರ್ಷ 162 ಪಂದ್ಯದಲ್ಲಿ 111 ಸೋತೆವು.

ಆಮೇಲೆ ಸಿಕ್ಕಿದ ನಮ್ಮ ಹುಡುಗ. 19 ವರ್ಷ, ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಂತು ಚೆಂಡು ತಡೆಯುವವನು. ಈಗ 30, ಮುಂದೆ 75. ಆ 75 ನೋಡಿದ ಮೇಲೆ 30 ಯಾರ ಕಣ್ಣಿಗೆ ಬೀಳುತ್ತೆ? ನನ್ನ ಬಗ್ಗೆಯೂ ಮೇಷ್ಟ್ರು ಹೀಗೇ ಹೇಳಿದ್ದರು: "ಹುಡುಗ ಬುದ್ಧಿವಂತ, ಮನಸ್ಸಿಟ್ಟು ಓದಿದರೆ ಎಲ್ಲಿಗೋ ಹೋಗ್ತಾನೆ." ಎಲ್ಲಿಗೂ ಹೋಗಿಲ್ಲ, ರಾಜಾಜಿನಗರದಲ್ಲೇ ಇದ್ದೇನೆ.

22ನೇ ವಯಸ್ಸಿಗೆ 38 ಆದ. 24ಕ್ಕೆ 41. ಮಧ್ಯೆ ಮಂಡಿನೋವು ಅಂತ ಒಂದು ಸೀಸನ್ ಕೂತ. ಅವನಿಗೆ ಜಾಗ ಬೇಕಲ್ಲ, 39 ವರ್ಷದ ಪಿಚರ್ ಒಬ್ಬನನ್ನು ಕಳಿಸಿದೆ. ಮುದುಕ, ಇನ್ನೇನು ಎಸೀತಾನೆ ಅಂತ. ಎದುರಾಳಿ ತಂಡಕ್ಕೆ ಹೋಗಿ 17 ಪಂದ್ಯ ಗೆದ್ದ. ಮೂರು ನಮ್ಮ ಮೇಲೇ. ನಿಜವಾದ ಬೇಸ್‌ಬಾಲ್‌ನಲ್ಲೇ ಜೇಮಿ ಮೋಯರ್ ಅನ್ನೋ ಪಿಚರ್ 2012ರಲ್ಲಿ, 49ನೇ ವಯಸ್ಸಿನಲ್ಲಿ, ನಿಧಾನದ ಚೆಂಡು ಹಾಕಿಕೊಂಡೇ ಗೆದ್ದಿದ್ದರು. ಅದನ್ನು ಓದಿದ್ದು ಮುದುಕನನ್ನು ಕಳಿಸಿದ ಮೇಲೆ.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ, "ರೀ, ಹಾಲು ನೋಡ್ತಿರಿ" ಅಂತ ಸ್ನಾನಕ್ಕೆ ಹೋದಳು. ಅಷ್ಟರಲ್ಲಿ ಹೊಸ ಸ್ಕೌಟಿಂಗ್ ರಿಪೋರ್ಟ್ ಬಂತು. ನಮ್ಮ ಹುಡುಗನಿಗೆ 27 ವರ್ಷ. ಈಗ 45. ಮುಂದೆಯೂ 45! ಈ ಆಟದ ಕುತಂತ್ರವೇ ಅದು. ವಯಸ್ಸು ಏರಿದಂತೆ ಈಗಿನ ನಂಬರ್ ಮೇಲೆ ಹತ್ತದಿದ್ದರೆ, ಮುಂದಿನದೇ ಮೆಲ್ಲಗೆ ಇಳಿದು ಬಂದು ಅದರ ಪಕ್ಕ ಕೂರುತ್ತೆ. ಉಳಿದ 30 ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದಾಗ ಸೀದ ವಾಸನೆ ಬಂತು.

ಹಾಲು ಸ್ಟೌ ಮೇಲೆಲ್ಲ ಹರಿದಿತ್ತು. ಒರೆಸುತ್ತಾ ಕೂತೆ. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದವಳು ಬೈಯಲಿಲ್ಲ, ಅದೇ ಭಯ.

"ಆ ಹುಡುಗನಾ?"

"ಹೂಂ."

"ಇನ್ನೂ ಬರ್ಲಿಲ್ವಾ?"

"ಬಿಟ್ಟುಬಿಡ್ತೀನಿ ಕಣೇ, ಇವತ್ತೇ."

"ಹಾಗಾದ್ರೆ ಅಟ್ಟದ ಮೇಲಿರೋ ಆ ಸಂಗೀತದ ಕೀಬೋರ್ಡೂ ಕೊಟ್ಟುಬಿಡೋಣ್ವಾ? ಕಲೀತೀನಿ ಅಂತ ತಂದು ಒಂಬತ್ತು ವರ್ಷ ಆಯ್ತು."

ಬಟ್ಟೆ ಹಿಂಡಿದೆ.

"ಇನ್ನೊಂದು ಸೀಸನ್ ನೋಡೋಣ," ಅಂದೆ.