ತೆಗೆದ ಪಟ, ಕೊಡಬೇಕಾದ ಪಟ

ಹನ್ನೊಂದು ವರ್ಷಗಳಿಂದ ಬರ್ಲಿನ್ನಿನಲ್ಲಿರುವ ನಾನು ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಗೆಂದು ತಪ್ಪದೆ ವಿಜಯಪುರಕ್ಕೆ ಬರುತ್ತೇನೆ. ಎರಡೂ ಊರುಗಳಲ್ಲಿ ಬೀದಿಯಲ್ಲಿ ನಿಂತು ಜನರ ಚಿತ್ರ ತೆಗೆಯುವುದು ನನ್ನ ಬಹುಕಾಲದ ಹವ್ಯಾಸ. ಬರ್ಲಿನ್ನಿನಲ್ಲಿ ಕ್ಯಾಮೆರಾ ಎತ್ತಿದರೆ ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ಅಂಗೈ ಅಡ್ಡ ಹಿಡಿಯುತ್ತಾರೆ, ಒಮ್ಮೊಮ್ಮೆ ಹತ್ತಿರ ಬಂದು ಅಳಿಸಿಹಾಕುವಂತೆ ಹೇಳುವವರೂ ಉಂಟು. ಅದೇ ಕ್ಯಾಮೆರಾವನ್ನು ವಿಜಯಪುರದ ಎಲ್‌ಬಿಎಸ್ ಮಾರ್ಕೆಟ್ಟಿನಲ್ಲಿ ಎತ್ತಿದರೆ, "ನಂದೂ ಒಂದ್ ತಗೀರಿ ಸರ" ಎಂದು ಪಕ್ಕದ ಅಂಗಡಿಯವರು ಕರೆಯುತ್ತಾರೆ. ನಮ್ಮವರದು ದೊಡ್ಡ ಮನಸ್ಸು, ಅಲ್ಲಿಯವರದು ಬಿಗುಮಾನ ಎಂದು ನಾನು ಬಹಳ ದಿನ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಜರ್ಮನರ ಆ ಎಚ್ಚರಿಕೆಯ ಹಿಂದೆ ಒಂದು ಕಥೆಯಿದೆ. 1898ರಲ್ಲಿ ಜರ್ಮನಿಯ ಮಾಜಿ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಛಾಯಾಗ್ರಾಹಕರು ಅವರ ಮನೆಗೆ ಕದ್ದು ಒಳನುಗ್ಗಿ ಶವದ ಚಿತ್ರ ತೆಗೆದರು. ಆ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಮುಂದೆ 1907ರಲ್ಲಿ ಬಂದ ಕಾನೂನು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ ಚಿತ್ರವನ್ನು ಹಂಚುವಂತಿಲ್ಲ, ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲ ಎಂದಿತು. ಕಲೆಗೆ, ಸಭೆ ಮೆರವಣಿಗೆಗಳಿಗೆ ವಿನಾಯಿತಿಗಳಿವೆ, ನಿಜ. ಆದರೆ ಸತ್ತ ಮೇಲೂ ಹತ್ತು ವರ್ಷ ಮನೆಯವರ ಒಪ್ಪಿಗೆ ಬೇಕೆನ್ನುವ ಆ ಕಾನೂನಿನಲ್ಲಿ, ಮುಖವು ಮುಖವುಳ್ಳವರದೇ ಸ್ವತ್ತು ಎಂಬ ಗೌರವ ನನಗೆ ಕಾಣುತ್ತದೆ. ನಮ್ಮಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಆ ತೀರ್ಪಿನ ಮಾತು ಸಂತೆಯಲ್ಲಿ ಕುಳಿತ ಮುದುಕಿಯವರೆಗೆ ಇನ್ನೂ ತಲುಪಿಲ್ಲ.

ಮುದುಕಿ ಎಂದೆನಲ್ಲ, ಅವರ ವಿಷಯವನ್ನೇ ಹೇಳಬೇಕು. ವಿಜಯಪುರಕ್ಕೆ ಬಂದವರೆಲ್ಲ ಗೋಳಗುಮ್ಮಟದ ಕಡೆ ಕ್ಯಾಮೆರಾ ತಿರುಗಿಸುತ್ತಾರೆ. ನನಗೆ ಅದರ ನೆರಳಿನಲ್ಲಿ ಕುದುರೆಗೆ ಹುಲ್ಲು ಹಾಕುವ ಟಾಂಗಾದವರು, ಗಾಂಧಿ ಚೌಕದ ಚಹಾದ ಗಾಡಿ, ಸಂತೆಯ ಮಂದಿ ಮುಖ್ಯ. ಅಂಥದೇ ಒಂದು ಬೆಳಿಗ್ಗೆ ಬಾರಿಹಣ್ಣು ಮಾರುವ ಒಬ್ಬ ಆಯಿ ಕಂಡರು. ಸ್ಟೀಲ್ ಗ್ಲಾಸಿನಲ್ಲಿ ಹಣ್ಣು ಅಳೆದು, ಚೀಲಕ್ಕೆ ಸುರಿದು, ಮೇಲೆ ಮತ್ತೆ ನಾಲ್ಕು ಹಾಕುತ್ತಿದ್ದರು. ಹಸಿರು ಬಳೆಯ ಕೆಳಗೆ ಬಾರಿಮುಳ್ಳು ಗೀರಿದ ಗೆರೆಗಳು, ಉಗುರಿನ ಸಂದಿಯಲ್ಲಿ ಎರೆಮಣ್ಣು. ಆ ನಾಲ್ಕು ಹಣ್ಣು ಬೆರಳು ಬಿಟ್ಟು ಚೀಲ ಮುಟ್ಟುವ ಮೊದಲೇ ನಾನು ಗುಂಡಿ ಒತ್ತಿದ್ದೆ. ಮೂರಡಿ ದೂರದಿಂದ ತೆಗೆದ ಆ ಚಿತ್ರ ನಾನು ತೆಗೆದವುಗಳಲ್ಲೇ ಉತ್ತಮವಾದದ್ದು. "ತಗದ್ರ ತಗದಿ, ನನಗೊಂದು ಪಟ ತಂದ್ ಕೊಡಬೇಕ್ ನೋಡಪಾ" ಎಂದರು. ಹೂಂ ಎಂದು ಬಂದೆ.

ಮರುವರ್ಷ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದೆ. ಅವರು ಅದೇ ಜಾಗದಲ್ಲಿದ್ದರು. ಪಟವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದೇನಪಾ, ಕೈ ಇಷ್ಟ್ ಹೊಲಸ ಅದಾವು, ಮುಖಾನ ಕಾಣವಲ್ದು. ಇದನ್ನ ಮಂದಿ ನೋಡಿದ್ರ ಏನಂತಾರ?" ನಾನು ದುಡಿಮೆಯ ಚೆಲುವೆಂದು ಹೆಮ್ಮೆಪಟ್ಟ ಕೈಗಳು ಅವರಿಗೆ ತೊಳೆಯದ ಕೈಗಳಾಗಿದ್ದವು. ಬಾಟಲಿಯ ನೀರಿನಿಂದ ಕೈ ತೊಳೆದುಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮೊಮ್ಮಗಳನ್ನು ಪಕ್ಕಕ್ಕೆ ಕರೆದು ನೆಟ್ಟಗೆ ಕುಳಿತರು. ಆಗ ತೆಗೆದ ಚಿತ್ರವನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಮಾಡಿಸಿ ಮರುದಿನ ಕೊಟ್ಟಾಗ, ಸೆರಗಿನ ತುದಿಯಿಂದ ಒರೆಸಿ ದುಡ್ಡಿನ ಚೀಲದೊಳಗೆ ಇಟ್ಟುಕೊಂಡರು.

ಸುಲಭವಾಗಿ ಸಿಗುವ ಒಪ್ಪಿಗೆಯನ್ನು ನಾವು ಛಾಯಾಗ್ರಾಹಕರು ಅಗ್ಗವೆಂದು ತಿಳಿದಿದ್ದೇವೆ. ಅದು ತಪ್ಪು ಎಂದು ನಾನು ಖಚಿತವಾಗಿ ಹೇಳಬಲ್ಲೆ. ಬರ್ಲಿನ್ನಿನ ಮನುಷ್ಯ ಬೇಡವೆಂದಾಗ ಅವನ ಬೆನ್ನಿಗೆ ಕಾನೂನು ನಿಲ್ಲುತ್ತದೆ. ನಮ್ಮ ಆಯಿ ತಮ್ಮ ಮುಖವನ್ನು ನನ್ನ ಮಾತಿನ ಮೇಲೆ ಬಿಟ್ಟುಕೊಟ್ಟರು, ಹಾಗಾಗಿ ಅಲ್ಲಿ ಕಾನೂನು ಮಾಡುವ ಕೆಲಸವನ್ನು ಇಲ್ಲಿ ನಾನೇ ಮಾಡಬೇಕು: ಪಟವನ್ನು ಅವರ ಕೈಗೆ ಕೊಡಬೇಕು, ಅವರು ಹೇಳುವುದನ್ನು ಕೇಳಬೇಕು. ಪಟ ಕೇಳಿ ಪಡೆಯುವ ವಿಜಯಪುರದ ಆ ಸಲುಗೆಯನ್ನೂ ನಾನು ಬರ್ಲಿನ್ನಿಗೆ ಒಯ್ದಿದ್ದೇನೆ. ಮಾಯ್‌ಬಾಖ್‌ಉಫರ್ ದಂಡೆಯಲ್ಲಿ ಮಂಗಳವಾರ, ಶುಕ್ರವಾರ ಸೇರುವ ತುರ್ಕರ ಸಂತೆಯಲ್ಲಿ ಆಲಿವ್ ಮಾರುವವರಿಗೆ ಅವರವರ ಪ್ರಿಂಟ್ ಒಯ್ದು ಕೊಡುತ್ತೇನೆ. ಮೊದಲು ಅಂಗೈ ಅಡ್ಡ ಹಿಡಿದಿದ್ದ ಒಬ್ಬರು ಈಗ ಹೆಸರು ಹಿಡಿದು ಮಾತಾಡಿಸುತ್ತಾರೆ.

ಅಲ್ಲಿಯ ಗೆಳೆಯರು ತಮ್ಮ ಪ್ರದರ್ಶನಕ್ಕೆ ಆ ಕೈಗಳ ಚಿತ್ರವನ್ನೇ ಕೇಳುತ್ತಿದ್ದಾರೆ. ನಾನು ಕೊಟ್ಟಿಲ್ಲ. ಬರುವ ಸಂಕ್ರಾಂತಿಗೆ ಆಯಿಯ ಎದುರು ಕುಳಿತು, ಅದನ್ನು ಎಲ್ಲಿ ಹಾಕುತ್ತಾರೆ, ಯಾರು ನೋಡುತ್ತಾರೆ ಎಂದು ಬಿಡಿಸಿ ಹೇಳಿ ಕೇಳುತ್ತೇನೆ. ಅವರು ಬ್ಯಾಡ ಎಂದರೆ ಅದು ನನ್ನ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.