ಪಂಚನಾಗಿ ಸಹಿ ಹಾಕಿ ಬಂದ ಮೇಲೆ

ಹೋದ ವರ್ಷ ಒಂದು ಬೆಳಿಗ್ಗೆ ಹಾಲು ತರಲು ಹೊರಟವನು ಪಂಚನಾಗಿ, ಅಂದರೆ ಪೊಲೀಸರ ಹುಡುಕಾಟಕ್ಕೆ ಸಾಕ್ಷಿಯಾಗಿ, ವಾಪಸ್ ಬಂದೆ. ಎದುರು ಮನೆ ಬಾಗಿಲಲ್ಲಿ ಪೊಲೀಸರು ನಿಂತಿದ್ದರು. "ಸಾರ್, ಐದು ನಿಮಿಷ ಬನ್ನಿ, ಮಹಜರಿಗೆ ಪಂಚರು ಬೇಕು" ಅಂದರು. ಐದು ನಿಮಿಷ ಎರಡು ಗಂಟೆಯಾಯಿತು.

ಆ ಮನೆಯ ಆಂಟಿಯ ತಂಗಿ ಮಗ ಯಾವುದೋ ಕೇಸಲ್ಲಿ ಸಿಕ್ಕಿಬಿದ್ದಿದ್ದನಂತೆ. ಬೀರು ತೆರೆದರು, ಮಂಚದ ಹಾಸಿಗೆ ಎತ್ತಿದರು, ಅಕ್ಕಿ ಡಬ್ಬವನ್ನು ಪೇಪರ್ ಮೇಲೆ ಸುರಿದರು. ಒಬ್ಬ ಕಾನ್‌ಸ್ಟೇಬಲ್ ಮೊಬೈಲಲ್ಲಿ ವಿಡಿಯೋ ಮಾಡುತ್ತಿದ್ದ. "ಅದು ದೇವರ ಗೂಡು, ನೋಡಿಕೊಂಡು ಕೈ ಹಾಕ್ರಪ್ಪ" ಎಂದು ಆಂಟಿ ಹೇಳುತ್ತಲೇ ಇದ್ದರು. ಕೊನೆಗೆ ಏನೂ ಸಿಗಲಿಲ್ಲ. ಹಾಗೆಂದೇ ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ.

"ವಾರಂಟ್ ಇದೆಯಾ ಸಾರ್?" ಎಂದು ಮೆಲ್ಲಗೆ ಕೇಳಿದ್ದೆ. "ಅರ್ಜೆಂಟ್ ಇದ್ದಾಗ ಬೇಕಾಗಲ್ಲ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕಾರಣ ಬರೆದಿಡಬೇಕು, ಅದರ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗಬೇಕು. 105ನೇ ಸೆಕ್ಷನ್ ಪ್ರಕಾರ ವಿಡಿಯೋ ಕೂಡ ಹೋಗಬೇಕು.

ಅಂದರೆ ಒಂದೊಂದು ಮನೆಯ ಕಾಗದವೂ ಎಲ್ಲೋ ಇರುತ್ತದೆ. ಅದನ್ನೆಲ್ಲ ಕೂಡಿಸಿ ಜನರ ಮುಂದಿಡುವವರು ಯಾರು? ನಮ್ಮ ಟ್ರಾಫಿಕ್ ಪೊಲೀಸರನ್ನೇ ನೋಡಿ. ಕುಡಿದು ಓಡಿಸುವವರನ್ನು ಹಿಡಿಯುವ ಡ್ರೈವ್ ಮುಗಿದರೆ ಇಷ್ಟು ವಾಹನ ತಪಾಸಣೆ ಮಾಡಿದೆವು, ಇಷ್ಟು ಕೇಸು ಹಾಕಿದೆವು ಎಂದು ತಾವೇ ಪ್ರಕಟಿಸುತ್ತಾರೆ. ನನಗೆ ಬೇಕಾಗಿರುವುದೂ ಅಷ್ಟೇ. ವರ್ಷಕ್ಕೊಮ್ಮೆ, ಠಾಣೆವಾರು: ಎಷ್ಟು ಮನೆ ಹುಡುಕಿದಿರಿ, ವಾರಂಟ್ ಇದ್ದದ್ದೆಷ್ಟು, ಇಲ್ಲದ್ದೆಷ್ಟು, ಬರಿಗೈಲಿ ಬಂದದ್ದೆಷ್ಟು. ರೇಡ್ ಯಶಸ್ವಿಯಾದರೆ ಮೇಜಿನ ಮೇಲೆ ಮಾಲು ಜೋಡಿಸಿ ಫೋಟೋ ತೆಗೆಸುತ್ತಾರಲ್ವಾ? ಅಕ್ಕಿ ಸುರಿದು ಹೋದ ಮನೆಗಳಿಗೆ ಫೋಟೋ ಇಲ್ಲ.

ತನಿಖೆಯ ಗುಟ್ಟು ಬಯಲಾಗುತ್ತದೆ ಅನ್ನುವವರಿದ್ದಾರೆ. ಹೋದ ವರ್ಷದ ಬರೀ ಸಂಖ್ಯೆ ನೋಡಿ ಯಾವ ಕಳ್ಳ ಏನು ಮಾಡಿಯಾನು?

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಒಂದು ಸಲ ಇಂಥದ್ದು ನಡೆದಿತ್ತು. 2008ರಲ್ಲಿ ಬರ್ವಿನ್ ಹೈಟ್ಸ್ ಎಂಬ ಪುಟ್ಟ ಊರಿನ ಮೇಯರ್ ಮನೆಗೇ ಪೊಲೀಸರು ನುಗ್ಗಿ, ಎರಡು ಸಾಕುನಾಯಿಗಳನ್ನು ಗುಂಡಿಟ್ಟು ಕೊಂದರು. ಮೇಯರ್‌ದೇನೂ ತಪ್ಪಿರಲಿಲ್ಲ. ಮರುವರ್ಷ ಕಾನೂನು ಬಂತು: ಸ್ವಾಟ್ ತಂಡ (ಪೊಲೀಸರ ವಿಶೇಷ ಸಶಸ್ತ್ರ ದಳ) ಎಷ್ಟು ಸಲ, ಯಾಕೆ ಹೋಯಿತು, ಏನು ಸಿಕ್ಕಿತು ಎಂದು ವರದಿ ಕೊಡಬೇಕು. ಲೆಕ್ಕ ಬಂದಾಗ ನೋಡಿದರೆ ಆ ತಂಡಗಳು ಹೋಗಿದ್ದು ಬಹುಪಾಲು ಸರ್ಚ್ ವಾರಂಟ್ ಹಿಡಿದುಕೊಂಡು, ಒತ್ತೆಯಾಳು ಬಿಡಿಸೋಕಲ್ಲ. 2014ರಲ್ಲಿ ಆ ಕಾನೂನಿನ ಅವಧಿ ಮುಗಿಯಿತು. ಮುಂದುವರಿಸಲಿಲ್ಲ. ಅಲ್ಲೂ ಅಷ್ಟೇ ನೋಡಿ.

ಇನ್ನೊಂದು ವಿಷಯ. ಮ್ಯಾಜಿಸ್ಟ್ರೇಟ್‌ಗೆ ಹೋದ ಆ ದಾಖಲೆಯ ನಕಲನ್ನು ಮನೆಯವರು ಅರ್ಜಿ ಹಾಕಿದರೆ ಪುಕ್ಕಟೆ ಕೊಡಬೇಕು, ಅದೇ 185ರಲ್ಲಿದೆ. ಆಂಟಿಗೆ ಹೇಳಿದೆ, ಅರ್ಜಿ ನಾನೇ ಬರೆದುಕೊಡ್ತೀನಿ ಅಂತಲೂ ಅಂದೆ.

"ಅದನ್ನ ತಗೊಂಡು ಏನ್ ಮಾಡ್ಲಪ್ಪ, ಬೀದಿಯವರೆಲ್ಲ ನೋಡಿ ಆಯ್ತಲ್ಲ" ಅಂದರು.