ಎಂಜಿನ್ ಎಳೆಯುತ್ತದೆ ಸರಿ, ಬ್ರೇಕ್ ನಿಲ್ಲಿಸಬೇಕಲ್ವಾ?

ಎಂಜಿನ್ ಗಟ್ಟಿಯಿದ್ದರೆ ಹಳೇ ಅಂಬಾಸಿಡರ್‌ಗೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ಧೈರ್ಯವಾಗಿ ಹೋಗಬಹುದು ಅಂತ ಬರೆದಿದ್ದೀರಿ ಸರ್. ನಮ್ಮ ಚಿಕ್ಕಮಗಳೂರು ಕಡೆಯವರು ಇದನ್ನು ಹಾಗೇ ನಂಬಬಾರದು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಎಂಜಿನ್‌ಗಿಂತ ಬ್ರೇಕ್ ಮುಖ್ಯ. ಹಳೇ ಅಂಬಾಸಿಡರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಲೋಹದ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವಂಥದ್ದು. ಒತ್ತುತ್ತಲೇ ಇಳಿದರೆ ಡ್ರಮ್ ಕಾಯುತ್ತದೆ, ಹಿಗ್ಗುತ್ತದೆ. ಪೆಡಲ್ ಕೆಳಗೆ ಹೋದರೂ ಹಿಡಿತ ಸಿಗುವುದಿಲ್ಲ. ಹಿಂದಿನಿಂದ 600 ಕೆಜಿಯ ಟ್ರೇಲರ್ ತಳ್ಳುತ್ತಿದ್ದರೆ ಕೇಳಲೇಬೇಡಿ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ. ಟ್ರೇಲರ್‌ಗೂ ಅದರದ್ದೇ ಬ್ರೇಕ್ ಇರಲಿ.

ಟ್ರೇಲರ್ ಕಟ್ಟುವ ಹುಕ್ ಬಂಪರ್‌ಗೆ ಹಾಕಿಸಬೇಡಿ, ದಯವಿಟ್ಟು. ಈ ಕಾರಿಗೆ ಜೀಪಿನ ಹಾಗೆ ಬೇರೆ ಚಾಸಿ (ಬಾಡಿಯನ್ನು ಹೊರುವ ಅಡಿಯ ಚೌಕಟ್ಟು) ಇಲ್ಲ. ಬಾಡಿಯ ಅಡಿಗೆ ದಪ್ಪ ಪ್ಲೇಟ್ ಕೊಟ್ಟೇ ಕೂರಿಸಬೇಕು. ಅದಕ್ಕೂ ಮೊದಲು ಅಲ್ಲಿ ತುಕ್ಕು ಹಿಡಿದಿದೆಯಾ ನೋಡಿಸಿ, ಮಲೆನಾಡಿನ ಮಳೆಗೆ ಅದು ಬೇಗ ಬರುತ್ತದೆ.

ಸಾಮಾನೆಲ್ಲ ಟ್ರೇಲರ್‌ನ ಹಿಂಬದಿಗೆ ತುಂಬಿದರೆ ಅದು ಓಲಾಡುವುದು ಜಾಸ್ತಿ. ಟ್ರೇಲರ್ ತೂಕದ ಶೇಕಡಾ 10ರಿಂದ 15ರಷ್ಟು ಹುಕ್ಕಿನ ಮೇಲೆ ಬೀಳಬೇಕು, ಅಂದರೆ 600 ಕೆಜಿಗೆ 60ರಿಂದ 90 ಕೆಜಿ. ಓಲಾಡಲು ಶುರುವಾದರೆ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ.